ರೋಮಿಗೆ ಬೇಡವಾದ ಅಕ್ಷರ

ರೋಮಿನ ಚಕ್ರವರ್ತಿ ಕ್ಲಾಡಿಯಸ್‌ಗೆ ಒಂದು ಹಳೆಯ ತಕರಾರಿತ್ತು. ಲ್ಯಾಟಿನ್ ಅಕ್ಷರಮಾಲೆಯಲ್ಲಿ ಕೆಲವು ಅಕ್ಷರಗಳು ಕಡಿಮೆ ಬಿದ್ದಿವೆ ಎಂದು ಅವನು ನಂಬಿದ್ದ. ಪಟ್ಟಕ್ಕೆ ಬರುವ ಮೊದಲೇ ಇದರ ಮೇಲೊಂದು ಪುಸ್ತಕ ಬರೆದಿದ್ದ. ಆಗ ಯಾರೂ ಕಿವಿಗೊಡಲಿಲ್ಲ. ಪಟ್ಟವೇರಿದ ಮೇಲೆ ಕೇಳಬೇಕೆ? ಕ್ರಿ.ಶ. 47-48ರ ಸುಮಾರಿಗೆ ಮೂರು ಹೊಸ ಅಕ್ಷರಗಳನ್ನು ಜಾರಿಗೆ ತಂದ. ಅವುಗಳಲ್ಲೊಂದು, ಎಫ್ ಅಕ್ಷರವನ್ನು ತಲೆಕೆಳಗು ಮಾಡಿ ನಿಲ್ಲಿಸಿದ್ದು. ರೋಮನ್ನರು ‘ಉ’ ಎಂಬ ಸ್ವರಕ್ಕೂ ‘ವ’ ಎಂಬ ವ್ಯಂಜನಕ್ಕೂ ವಿ ಎಂಬ ಒಂದೇ ಗುರುತನ್ನು ಬರೆಯುತ್ತಿದ್ದರು. ಓದುವವನೇ ಸಂದರ್ಭ ನೋಡಿ ಬಿಡಿಸಿಕೊಳ್ಳಬೇಕಿತ್ತು. ಈ ಗೊಂದಲ ಹೋಗಲಿ, ವ್ಯಂಜನಕ್ಕೆ ಬೇರೆಯೇ ಅಕ್ಷರವಿರಲಿ ಎನ್ನುವುದು ಕ್ಲಾಡಿಯಸ್‌ನ ವಾದ. ವಾದದಲ್ಲಿ ಹುರುಳಿತ್ತು. ರೋಮ್ ನಗರದ ಗಡಿಕಲ್ಲುಗಳ ಮೇಲೆ ಆ ಅಕ್ಷರವನ್ನು ಕೆತ್ತಿದ್ದೂ ಆಯಿತು. 54ರಲ್ಲಿ ಅವನು ಸತ್ತ. ಅವನ ಅಕ್ಷರಗಳನ್ನು ಮುಂದೆ ಯಾರೂ ಬರೆಯಲಿಲ್ಲ. ಸಾರ್ವಜನಿಕ ಕಂಚಿನ ಫಲಕಗಳಲ್ಲಿ ಅವು ಇನ್ನೂ ಕಾಣುತ್ತವೆ ಎಂದು ಟ್ಯಾಸಿಟಸ್ ತನ್ನ ಇತಿಹಾಸದಲ್ಲಿ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತಾನೆ.

ಚಕ್ರವರ್ತಿಯ ಕೈಲಾಗದ್ದನ್ನು ಆರೇಳು ಶತಮಾನಗಳ ನಂತರ ಹೆಸರಿಲ್ಲದ ಸಂನ್ಯಾಸಿ ಲಿಪಿಕಾರರು ಸದ್ದಿಲ್ಲದೆ ಮಾಡಿದರು. ಅವರು ಕಟ್ಟಿದ ಅಕ್ಷರವೇ ಡಬ್ಲ್ಯೂ. ಲ್ಯಾಟಿನ್ ಅಕ್ಷರಮಾಲೆ ಎಂದು ನಾವು ಕರೆಯುವ 26ರ ಸಾಲಿನಲ್ಲಿ ಲ್ಯಾಟಿನ್ ಭಾಷೆಗೆ ಎಂದೂ ಬೇಕಾಗದಿದ್ದ ಅಕ್ಷರ ಇದು. ಸಾಲ ತಂದ ಲಿಪಿ ತಮ್ಮ ಬಾಯಿಗೆ ಹೊಂದದೆ ಹೋದಾಗ, ಪಡೆದವರೇ ಹಾಕಿಕೊಂಡ ತೇಪೆ.

ಇದರ ಪೂರ್ವಜ ಹಳಬನೇ. ಫಿನೀಷಿಯನ್ ಲಿಪಿಯಲ್ಲಿ ‘ವಾವ್’ ಎಂಬ ಅಕ್ಷರವಿತ್ತು, ಕೊಕ್ಕೆ ಎಂದರ್ಥ. ಗ್ರೀಕರು ಅದನ್ನು ಪಡೆದು ಎರಡಾಗಿ ಸೀಳಿದರು. ಒಂದು ಸ್ವರವಾಯಿತು, ಇನ್ನೊಂದು ‘ಡಿಗಾಮಾ’ ಎಂಬ ವ್ಯಂಜನ. ಸ್ವರದ ಕವಲಿನಿಂದ ಯು, ವಿ, ವೈ ಬಂದವು, ಆಮೇಲೆ ಡಬ್ಲ್ಯೂ ಕೂಡ. ಡಿಗಾಮಾದ ಕವಲಿನಿಂದ ಎಫ್ ಬಂತು. ಇಂಗ್ಲಿಷಿನ ಐದು ಅಕ್ಷರಗಳು ಒಂದೇ ಕೊಕ್ಕೆಯಿಂದ ಇಳಿದವು ಎಂದಾಯಿತು. ಅಥೆನ್ಸ್ ಮತ್ತು ಅಯೋನಿಯಾದ ಗ್ರೀಕರ ಬಾಯಲ್ಲಿ ‘ವ’ ಧ್ವನಿಯೇ ಸತ್ತುಹೋದಾಗ ಡಿಗಾಮಾಕ್ಕೆ ಕೆಲಸವಿಲ್ಲದಾಯಿತು. ಆರು ಎಂಬ ಅಂಕಿಯಾಗಿ ಮಾತ್ರ ಉಳಿಯಿತು. ಆದರೆ ಹೋಮರನ ಕಾವ್ಯದ ಕೆಲವು ಸಾಲುಗಳಲ್ಲಿ ಛಂದಸ್ಸು ಯಾಕೋ ಕುಂಟುತ್ತಿತ್ತು. 18ನೇ ಶತಮಾನದಲ್ಲಿ ಕೇಂಬ್ರಿಜ್‌ನ ರಿಚರ್ಡ್ ಬೆಂಟ್ಲಿ ಕಾರಣ ಹಿಡಿದ: ಆ ಜಾಗಗಳಲ್ಲಿ ಡಿಗಾಮಾ ಇತ್ತೆಂದು ಭಾವಿಸಿ ಓದಿದರೆ ಗಣ ಸರಿಹೋಗುತ್ತದೆ. ಬರಹದಲ್ಲಿ ಇಲ್ಲದ ಅಕ್ಷರವನ್ನು ಛಂದಸ್ಸು ಎರಡು ಸಾವಿರಕ್ಕೂ ಹೆಚ್ಚು ವರ್ಷ ಕಾಪಾಡಿಕೊಂಡು ಬಂದಿತ್ತು. ಕ್ಲಾಡಿಯಸ್ ತಿರುಗಿಸಿ ನಿಲ್ಲಿಸಿದ ಎಫ್ ಕೂಡ ಇದೇ ಡಿಗಾಮಾದ ಮಗುವೇ.

ಇಲ್ಲೊಂದು ಪೇಚಿದೆ. ಈ ಲೇಖನ ಕನ್ನಡದಲ್ಲಿದೆ, ಕನ್ನಡಕ್ಕೆ ಇರುವುದು ಒಂದೇ ‘ವ’. ತುಟಿಗಳನ್ನು ದುಂಡಗೆ ಮಾಡಿ ಹೇಳುವುದನ್ನು ದುಂಡುತುಟಿಯ ವ ಎಂದೂ, ಕೆಳತುಟಿಯನ್ನು ಮೇಲಿನ ಹಲ್ಲಿಗೆ ಉಜ್ಜಿ ಹೇಳುವುದನ್ನು ಹಲ್ಲುತುಟಿಯ ವ ಎಂದೂ ಕರೆದುಕೊಂಡು ಮುಂದುವರಿಯೋಣ. ಜೂಲಿಯಸ್ ಸೀಸರ್ ಕಾಲದ ಲ್ಯಾಟಿನ್‌ನಲ್ಲಿ ಇದ್ದದ್ದು ದುಂಡುತುಟಿಯದು. ಕ್ಲಾಡಿಯಸ್‌ನ ಹೊತ್ತಿಗೆ ಅದು ಬದಲಾಗತೊಡಗಿತ್ತು. ಕೆಲವು ಶತಮಾನಗಳಲ್ಲಿ ಇಟಲಿ, ಫ್ರಾನ್ಸ್‌ಗಳ ಬಾಯಲ್ಲಿ ಪೂರ್ತಿ ಹಲ್ಲುತುಟಿಯದಾಯಿತು. ವಿ ಅಕ್ಷರ ಅದೇ, ಅದರ ಧ್ವನಿ ಮಾತ್ರ ಬೇರೆ.

ಉತ್ತರದ ಜರ್ಮನಿಕ್ ಜನರ ಬಾಯಲ್ಲಿ ದುಂಡುತುಟಿಯ ವ ಗಟ್ಟಿಯಾಗಿತ್ತು. ಅವರು ಕ್ರೈಸ್ತರಾದರು, ಚರ್ಚಿನ ಜೊತೆ ಲ್ಯಾಟಿನ್ ಲಿಪಿಯೂ ಬಂತು. ತಮ್ಮ ಮಾತನ್ನು ಅದರಲ್ಲಿ ಬರೆಯಹೊರಟರೆ ವ ಎಂಬುದಕ್ಕೆ ಗುರುತಿಲ್ಲ. ವಿ ಬರೆದರೆ ಬೇರೆ ಧ್ವನಿ, ಯು ಬರೆದರೆ ಸ್ವರ. ಎರಡು ಯು ಬರೆದರೆ? 8ನೇ ಶತಮಾನದ ಇಂಗ್ಲೆಂಡಿನ ಹಸ್ತಪ್ರತಿಗಳಲ್ಲೂ ಹಳೆಯ ಜರ್ಮನ್ ಬರಹಗಳಲ್ಲೂ ಈ ಜೋಡಿ ಯು ಕಾಣಿಸಿಕೊಳ್ಳುತ್ತದೆ. 9ನೇ ಶತಮಾನದಲ್ಲಿ ವೈಸೆನ್‌ಬುರ್ಗ್‌ನ ಓಟ್‌ಫ್ರಿಡ್ ಎಂಬ ಸಂನ್ಯಾಸಿ ಸುವಾರ್ತೆಗಳನ್ನು ಜರ್ಮನ್ ಪದ್ಯವಾಗಿಸಿ ಮೈನ್ಸ್‌ನ ಆರ್ಚ್‌ಬಿಷಪ್ ಲಿಯುಟ್‌ಬರ್ಟ್‌ಗೆ ಒಂದು ಪತ್ರ ಬರೆದ. ಅದರಲ್ಲಿ ಅವನ ಗೋಳು: ಈ ಭಾಷೆಯಲ್ಲಿ ಕೆಲವೊಮ್ಮೆ ಮೂರು ಯು ಒಟ್ಟಿಗೆ ಬರೆಯಬೇಕಾಗುತ್ತದೆ, ಮೊದಲೆರಡು ವ್ಯಂಜನಕ್ಕೆ, ಮೂರನೆಯದು ಸ್ವರಕ್ಕೆ. ಲ್ಯಾಟಿನ್ ಓದಿದವರ ಎದುರು ತನ್ನ ನಾಡನುಡಿಯ ಪರ ನಿಂತು ಕ್ಷಮೆ ಕೇಳುವಂತಿರುವ ಆ ಪತ್ರ ನನಗೆ ಬಹಳ ಇಷ್ಟ. ಕಂಗ್ಲಿಷ್ ಟೈಪು ಮಾಡುವಾಗ ‘ಳ’ ಎಲ್ಲಿ, ‘ಣ’ ಎಲ್ಲಿ ಎಂದು ತಡಕಾಡಿದವರಿಗೆ ಓಟ್‌ಫ್ರಿಡ್‌ನ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಇಂಗ್ಲೆಂಡಿನವರು ನಡುವೆ ಬೇರೆ ದಾರಿ ಹಿಡಿದರು. ಅವರ ಬಳಿ ಮರ, ಮೂಳೆ, ಕಲ್ಲುಗಳ ಮೇಲೆ ಕೊರೆಯುವ ರೂನ್ ಲಿಪಿಯಿತ್ತು. ಅದರಲ್ಲಿ ‘ವಿನ್’ ಎಂಬ ಅಕ್ಷರ ಈ ಧ್ವನಿಗೇ ಮೀಸಲು. ಅದನ್ನೇ ಎತ್ತಿಕೊಂಡು ಲ್ಯಾಟಿನ್ ಅಕ್ಷರಗಳ ನಡುವೆ ಕೂರಿಸಿದರು. ‘ಬೇವುಲ್ಫ್’ ಕಾವ್ಯದ ಹಸ್ತಪ್ರತಿಯಲ್ಲಿರುವುದು ಈ ವಿನ್. ಈಗಿನ ಮುದ್ರಣಗಳಲ್ಲಿ ಅದನ್ನು ತೆಗೆದು ಡಬ್ಲ್ಯೂ ಹಾಕುತ್ತಾರೆ, ಏಕೆಂದರೆ ನೋಡಲು ಅದು ಪಿ ಅಕ್ಷರದ ಹಾಗೇ ಇತ್ತು.

ವಿನ್ ಅನ್ನು ಕೊಂದದ್ದು ಯುದ್ಧ. 1066ರಲ್ಲಿ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದವನ ಹೆಸರೇ ಡಬ್ಲ್ಯೂದಿಂದ ಶುರುವಾಗುತ್ತಿತ್ತು. ಪ್ಯಾರಿಸ್ ಕಡೆಯ ಫ್ರೆಂಚರಿಗೆ ಅವನು ‘ಗಿಯೋಮ್’. ಜರ್ಮನಿಕ್ ಜನರಿಂದ ಬಂದ ದುಂಡುತುಟಿಯ ವ ಅವರ ನಾಲಿಗೆಯಲ್ಲಿ ‘ಗ’ ಆಗಿಬಿಟ್ಟಿತ್ತು. ನಾರ್ಮಂಡಿಯ ಉತ್ತರದ ಫ್ರೆಂಚಿನಲ್ಲಿ ಮಾತ್ರ ಅದು ವ ಆಗಿಯೇ ಉಳಿದಿತ್ತು. ಹಾಗಾಗಿ ಅವನು ವಿಲಿಯಂ. ಆ ಯುದ್ಧದ ಕಥೆಯನ್ನು ಕಸೂತಿ ಹಾಕಿದ ಬೇಯೋ ಪಟದಲ್ಲಿ ‘ವಿಲ್ಲೆಲ್ಮ್’ ಎಂದೇ ಇದೆ. ನಾರ್ಮನ್ ಲಿಪಿಕಾರರಿಗೆ ರೂನ್ ಗೊತ್ತಿರಲಿಲ್ಲ, ಜೋಡಿ ಅಕ್ಷರ ಗೊತ್ತಿತ್ತು. 1300ರ ಹೊತ್ತಿಗೆ ವಿನ್ ಬಹುಮಟ್ಟಿಗೆ ಕಣ್ಮರೆಯಾಗಿ ಡಬ್ಲ್ಯೂ ಗಟ್ಟಿಯಾಯಿತು. ನಾರ್ಮಂಡಿಯಿಂದ ಒಮ್ಮೆ, ಪ್ಯಾರಿಸ್ಸಿನಿಂದ ಇನ್ನೊಮ್ಮೆ, ಹೀಗೆ ಎರಡೆರಡು ಸಲ ಬಂದ ಪದಗಳು ಇಂಗ್ಲಿಷಿನಲ್ಲಿ ಜೋಡಿಯಾಗಿ ಉಳಿದವು. ವಾರ್ಡನ್ ಮತ್ತು ಗಾರ್ಡಿಯನ್ ಒಂದು ಜೋಡಿ, ವಾರಂಟಿ ಮತ್ತು ಗ್ಯಾರಂಟಿ ಇನ್ನೊಂದು. ಮಿಕ್ಸಿ ಕೊಳ್ಳಲು ಹೋದಾಗ ಅಂಗಡಿಯವರು ‘ವಾರಂಟಿ ಅಷ್ಟೇ ಸಾರ್, ಗ್ಯಾರಂಟಿ ಇಲ್ಲ’ ಎಂದು ಬೇರೆ ಮಾಡಿ ಹೇಳುವುದು ಈ ಅವಳಿಗಳನ್ನೇ. 2023ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ನಾರ್ಮಂಡಿಯ ಪದ ಆಯ್ದುಕೊಂಡಿದ್ದರೆ ನಮಗೆ ಐದು ವಾರಂಟಿಗಳು ಸಿಗುತ್ತಿದ್ದವು.

ಹೆಸರಿನ ವಿಷಯಕ್ಕೆ ಬಂದರೆ, ಈ ಅಕ್ಷರಕ್ಕೆ ಸ್ವಂತ ಹೆಸರೇ ಇಲ್ಲ. ಇಂಗ್ಲಿಷರು ಜೋಡಿ ಯು ಎನ್ನುತ್ತಾರೆ, ಫ್ರೆಂಚರೂ ಸ್ವೀಡನ್ನಿನವರೂ ಜೋಡಿ ವಿ ಎನ್ನುತ್ತಾರೆ. ಯು ಮತ್ತು ವಿ ಬೇರೆ ಬೇರೆ ಅಕ್ಷರಗಳೆಂಬ ಲೆಕ್ಕ ಗಟ್ಟಿಯಾದದ್ದು 17ನೇ ಶತಮಾನದ ಈಚೆಗೆ. ಇಂಗ್ಲಿಷಿನ ಹೆಸರು ಅದಕ್ಕಿಂತ ಹಳೆಯದು. ಅಚ್ಚಿನ ಮನೆಗಳಲ್ಲಿ ಡಬ್ಲ್ಯೂ ಮೊಳೆಗಳು ಮುಗಿದರೆ ಎರಡು ವಿ ಮೊಳೆಗಳನ್ನು ಒತ್ತೊತ್ತಾಗಿ ಕೂರಿಸಿ ಕೆಲಸ ಸಾಗಿಸುತ್ತಿದ್ದರು. 17ನೇ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಎದ್ದು ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳ ಹೆಸರುಗಳೆಲ್ಲ ಒಂದೇ ಉಸಿರಿನವು, ಇದೊಂದೇ ಉದ್ದ. ಕನ್ನಡದಲ್ಲಿ ಬರೆಯಹೋದರೂ ಸುಲಭವಿಲ್ಲ. ‘ಬ’ದ ಕೆಳಗೆ ‘ಲ’ ಮತ್ತು ‘ಯ’ ಎರಡು ಒತ್ತುಗಳು ಜೋತುಬೀಳುತ್ತವೆ. ಪತ್ರಿಕೆಗಳು ಡಬ್ಲ್ಯು, ಡಬ್ಲ್ಯೂ ಎಂದು ಎರಡು ಬಗೆಯಲ್ಲಿ ಬರೆಯುತ್ತವೆ. ಗುತ್ತಿಗೆದಾರರು ಯಾವ ಒತ್ತಿನ ಗೊಡವೆಗೂ ಹೋಗದೆ ‘ಪೀಡಬ್ಲುಡಿ’ ಎಂದು ಮುಗಿಸುತ್ತಾರೆ. ಅಂತರ್ಜಾಲ ವಿಳಾಸದ ಆರಂಭದ ಮೂರು ಡಬ್ಲ್ಯೂಗಳನ್ನು ಇಂಗ್ಲಿಷಿನಲ್ಲಿ ಹೇಳಲು ಒಂಬತ್ತು ಉಸಿರುಗಳು ಬೇಕು. ‘ವರ್ಲ್ಡ್ ವೈಡ್ ವೆಬ್’ ಎಂದು ಪೂರ್ತಿ ಹೇಳಿದರೆ ಮೂರೇ. ಉದ್ದದ್ದನ್ನು ಚುಟುಕು ಮಾಡುವ ಪ್ರಯತ್ನದಲ್ಲಿ ಮೂರು ಪಟ್ಟು ಹಿಗ್ಗಿದ ಸಂಕ್ಷೇಪ ಬೇರೆ ಇರಲಾರದು.

ಜರ್ಮನರಿಗೆ ಈ ತೊಂದರೆಯಿಲ್ಲ, ಅವರು ‘ವೇ’ ಎಂದು ಒಂದೇ ಉಸಿರಿಗೆ ಮುಗಿಸುತ್ತಾರೆ. ಆದರೆ ದುಂಡುತುಟಿಯ ವ ಬರೆಯಲೆಂದು ಯಾರ ಪೂರ್ವಜರು ಈ ಅಕ್ಷರ ಕಟ್ಟಿದರೋ ಆ ಜರ್ಮನರ ಬಾಯಲ್ಲೇ ಅದು ಆಮೇಲೆ ಹಲ್ಲುತುಟಿಗೆ ಜಾರಿತು. ನಾವು ಬಿಎಂಡಬ್ಲ್ಯು ಎನ್ನುವ ಕಾರು ಮ್ಯೂನಿಕ್‌ನಲ್ಲಿ ‘ಬೇ ಎಂ ವೇ’. ಪೋಲೆಂಡಿನಲ್ಲಿ ಡಬ್ಲ್ಯೂ ಹಲ್ಲುತುಟಿಯದು, ದುಂಡುತುಟಿಯದಕ್ಕೆ ಅಡ್ಡಗೀಟು ಹಾಕಿದ ಎಲ್ ಬರೆಯುತ್ತಾರೆ. 1980ರ ದಶಕದಲ್ಲಿ ನಮ್ಮ ಪತ್ರಿಕೆಗಳು ‘ಲೆಕ್ ವಲೇಸಾ’ ಎಂದು ಅಚ್ಚು ಹಾಕಿದ ಕಾರ್ಮಿಕ ನಾಯಕನನ್ನು ಅವನ ಊರಿನವರು ಕರೆಯುವುದು ಹೆಚ್ಚುಕಮ್ಮಿ ‘ವವೆನ್ಸಾ’ ಎಂದು. ವೇಲ್ಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ, ಅವರಿಗೆ ಡಬ್ಲ್ಯೂ ಸ್ವರವೂ ಹೌದು. ಕಣಿವೆ ಎಂಬ ಅರ್ಥದ ‘ಕುಮ್’ ಪದದಲ್ಲಿ ಉ ಕಾರದ ಜಾಗದಲ್ಲಿರುವುದು ಅದೇ. ಸ್ಕ್ರಾಬಲ್ ಆಡುವವರ ಕೈಯಲ್ಲಿ ಬೇರೆ ಸ್ವರ ಉಳಿಯದಿದ್ದಾಗ ಕಾಪಾಡುವ ಪದ ಅದು. ಸ್ವೀಡನ್ನಿನ ಅಕಾಡೆಮಿ ಬಹುಕಾಲ ತನ್ನ ಪದಕೋಶದಲ್ಲಿ ಡಬ್ಲ್ಯೂ ಪದಗಳನ್ನು ವಿ ಪದಗಳ ನಡುವೆಯೇ ಬೆರೆಸಿಟ್ಟು, 2006ರಲ್ಲಿ ಬೇರೆ ಮನೆ ಮಾಡಿಕೊಟ್ಟಿತು. ಲ್ಯಾಟಿನ್‌ನ ನೇರ ಮಕ್ಕಳಾದ ಭಾಷೆಗಳು ಇನ್ನೂ ಬಿಗುಮಾನದವು. ಸ್ಪ್ಯಾನಿಷ್ ಇದನ್ನು ಅಧಿಕೃತ ಅಕ್ಷರಮಾಲೆಗೆ ಸೇರಿಸಿಕೊಂಡದ್ದು 1969ರಲ್ಲಿ.

ಅಕ್ಷರ ಕೊಡದಿರುವುದು ಒಂದು ಮಾತು, ಬರೆದವರ ಮೇಲೆ ಮೊಕದ್ದಮೆ ಹೂಡುವುದು ಇನ್ನೊಂದು. 1928ರ ನವೆಂಬರ್ 1ರಂದು ಟರ್ಕಿ ಅರಬ್ಬೀ ಲಿಪಿ ಬಿಟ್ಟು ಲ್ಯಾಟಿನ್ ಲಿಪಿ ಅಪ್ಪಿಕೊಂಡಿತು. ಮುಸ್ತಫಾ ಕೆಮಾಲ್ ತಾವೇ ಕರಿಹಲಗೆಯ ಪಕ್ಕ ನಿಂತು ಪಾಠ ಹೇಳಿದ ಕಾಲ ಅದು. ಹೊಸ ಮಾಲೆಯಲ್ಲಿ 29 ಅಕ್ಷರಗಳು. ಟರ್ಕಿಷ್ ಭಾಷೆಗೆ ಬೇಡದ ಕ್ಯೂ, ಎಕ್ಸ್, ಡಬ್ಲ್ಯೂ ಅಲ್ಲಿರಲಿಲ್ಲ. ಟರ್ಕಿಷ್ ಭಾಷೆಯ ಮಟ್ಟಿಗೆ ಅದು ಅಚ್ಚುಕಟ್ಟಾದ ಕೆಲಸವೇ. ಆದರೆ ಆ ದೇಶದಲ್ಲಿ ಕೋಟಿಗಟ್ಟಲೆ ಕುರ್ದರೂ ಇದ್ದಾರೆ. ಅವರ ಭಾಷೆಯಲ್ಲಿ ದುಂಡುತುಟಿಯ ವ, ಹಲ್ಲುತುಟಿಯ ವ ಎರಡೂ ಬೇರೆ ಬೇರೆ. 1932ರಲ್ಲಿ ಡಮಾಸ್ಕಸ್‌ನಲ್ಲಿ ‘ಹಾವಾರ್’ ಎಂಬ ಪತ್ರಿಕೆ ಆರಂಭಿಸಿದ ಜೆಲಾದತ್ ಅಲಿ ಬೆದಿರ್‌ಖಾನ್ ಕುರ್ದಿಷ್‌ಗಾಗಿ ರೂಪಿಸಿದ ಲ್ಯಾಟಿನ್ ಅಕ್ಷರಮಾಲೆಯಲ್ಲಿ ಆ ಮೂರೂ ಇದ್ದವು. ಕುರ್ದರ ಹೊಸವರ್ಷದ ಹಬ್ಬವನ್ನು ಅವರು ಡಬ್ಲ್ಯೂ ಹಾಕಿ ಬರೆಯುತ್ತಾರೆ, ಸರ್ಕಾರ ವಿ ಹಾಕಿ ಬರೆಯುತ್ತದೆ. ಹಬ್ಬದ ಆಮಂತ್ರಣದಲ್ಲಿ ಡಬ್ಲ್ಯೂ ಅಚ್ಚಾಯಿತೆಂದು ತನಿಖೆ, ಕೇಸು ನಡೆದದ್ದುಂಟು. ಟರ್ಕಿಯ ದಂಡಸಂಹಿತೆಯ 222ನೇ ಕಲಮು ಟೋಪಿ ಕಾನೂನು ಮತ್ತು ಅಕ್ಷರ ಕಾನೂನು ಮುರಿದವರಿಗೆ ಒಟ್ಟಿಗೇ ಎರಡರಿಂದ ಆರು ತಿಂಗಳ ಜೈಲು ವಿಧಿಸುತ್ತಿತ್ತು. ತಲೆಯ ಮೇಲೆ ಏನಿರಬೇಕು, ಕಾಗದದ ಮೇಲೆ ಏನಿರಬೇಕು ಎರಡೂ ಒಂದೇ ಕಲಮಿನಲ್ಲಿ. ಅದೇ ಹೊತ್ತಿಗೆ ‘ಶೋ ಟಿವಿ’ ಎಂಬ ಟರ್ಕಿಷ್ ವಾಹಿನಿ ತನ್ನ ಹೆಸರಿನಲ್ಲೇ ಡಬ್ಲ್ಯೂ ಇಟ್ಟುಕೊಂಡು ನಿರಾತಂಕವಾಗಿ ನಡೆಯುತ್ತಿತ್ತು. ಸರ್ಕಾರಿ ಜಾಲತಾಣಗಳ ವಿಳಾಸದಲ್ಲೂ ಮೂರು ಮೂರು ಡಬ್ಲ್ಯೂ.

ಹೆಸರಿನಲ್ಲಿ ಈ ಅಕ್ಷರಗಳನ್ನು ಬರೆಸಿಕೊಳ್ಳಲು ಬಿಡಿ ಎಂದು ಕೆಲವು ಕುರ್ದರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2010ರಲ್ಲಿ ನ್ಯಾಯಾಲಯ, ಇದರಲ್ಲಿ ಹಕ್ಕಿನ ಉಲ್ಲಂಘನೆಯಿಲ್ಲ, ಇರುವ ಅಕ್ಷರಗಳಲ್ಲೇ ಉಚ್ಚಾರಕ್ಕೆ ಹತ್ತಿರವಾಗಿ ಬರೆದುಕೊಳ್ಳಬಹುದು ಎಂಬ ನಿಲುವು ತಳೆಯಿತು. ‘ಹತ್ತಿರವಾಗಿ’ ಎನ್ನುವುದು ತೀರ್ಪು ಬರೆಯುವವರಿಗೆ ಸಣ್ಣ ವಿಷಯ, ಹೆಸರು ಹೊತ್ತವರಿಗೆ ಅಲ್ಲ. ಕಡೆಗೆ 2013ರ ಸೆಪ್ಟೆಂಬರ್ 30ರಂದು ಪ್ರಧಾನಿ ಎರ್ಡೊವಾನ್ ಸುಧಾರಣೆಗಳ ಕಟ್ಟೊಂದನ್ನು ಪ್ರಕಟಿಸಿದರು. 2014ರ ಮಾರ್ಚ್‌ನಲ್ಲಿ ಆ ಕಲಮು ರದ್ದಾಯಿತು.

ವಿಜ್ಞಾನದಲ್ಲಿ ಡಬ್ಲ್ಯೂಗೆ ಸಾಕಷ್ಟು ಕೆಲಸವಿದೆ. ಟಂಗ್‌ಸ್ಟನ್ ಲೋಹದ ಸಂಕೇತ ಇದು, ವೊಲ್ಫ್ರಾಮ್ ಎಂಬ ಅದರ ಇನ್ನೊಂದು ಹೆಸರಿನಿಂದ ಬಂದದ್ದು. ಹಳೆಯ ಬಲ್ಬಿನೊಳಗೆ ಉರಿಯುತ್ತಿದ್ದ ತಂತಿ ಅದೇ, ಮನೆಯ ಕರೆಂಟಿನ ಅಳತೆಯಲ್ಲಿ ಜೇಮ್ಸ್ ವಾಟ್‌ನ ಗುರುತೂ ಅದೇ. ಅಂದರೆ 60 ವಾಟ್ ಬಲ್ಬು ಒಳಗೂ ಡಬ್ಲ್ಯೂ, ಹೊರಗೂ ಡಬ್ಲ್ಯೂ. ಪರಮಾಣುವಿನ ದುರ್ಬಲ ಬಲವನ್ನು ಸಾಗಿಸುವ ಡಬ್ಲ್ಯೂ ಬೋಸಾನ್ ಕಣ 1983ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕಿತು, ಮರುವರ್ಷವೇ ಕಾರ್ಲೊ ರುಬಿಯಾ ಮತ್ತು ಸೈಮನ್ ವಾನ್ ಡೆರ್ ಮೀರ್ ಅವರಿಗೆ ನೊಬೆಲ್ ಬಂತು. ಇದೇ ಸರ್ನ್‌ನಲ್ಲಿ ಟಿಮ್ ಬರ್ನರ್ಸ್‌-ಲೀ ಮೂರು ಡಬ್ಲ್ಯೂಗಳ ಜಾಲ ಹೆಣೆದದ್ದು. ರಾಜಕೀಯದಲ್ಲಿ ಒಮ್ಮೆ ಈ ಅಕ್ಷರ ಕಾಣೆಯಾದದ್ದೂ ಇದೆ. 2001ರ ಜನವರಿಯಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಅಧಿಕಾರಕ್ಕೆ ಬಂದಾಗ ಶ್ವೇತಭವನದ ಹತ್ತಾರು ಕೀಬೋರ್ಡ್‌ಗಳಲ್ಲಿ ಆ ಕೀಲಿಯೊಂದೇ ಕಿತ್ತುಹೋಗಿತ್ತು, ಇಲ್ಲವೇ ಕೆಟ್ಟಿತ್ತು. ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಇದರ ಮೇಲೂ ಒಂದು ವರದಿ ಬರೆಯಿತು.

ನಗುವಿಲ್ಲದ ಡಬ್ಲ್ಯೂ ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್‌ನದು. ತಂದೆ 1940ರ ಯುದ್ಧದಲ್ಲಿ ಸತ್ತರು, ತಾಯಿಯನ್ನು 1943ರಲ್ಲಿ ಆಶ್‌ವಿಟ್ಸ್‌ಗೆ ಸಾಗಿಸಲಾಯಿತು. 1975ರಲ್ಲಿ ಅವನು ತನ್ನ ಬಾಲ್ಯದ ನೆನಪುಗಳನ್ನೂ, ಸದಾ ಆಟದ ಸ್ಪರ್ಧೆಗಳಲ್ಲೇ ಮುಳುಗಿದ ಒಂದು ಕ್ರೂರ ದ್ವೀಪದ ಕಥೆಯನ್ನೂ ಹೆಣೆದು ಬರೆದ ಪುಸ್ತಕದ ಹೆಸರು ಶುರುವಾಗುವುದು ಈ ಅಕ್ಷರದಿಂದಲೇ, ದ್ವೀಪದ ಹೆಸರಂತೂ ಈ ಅಕ್ಷರವೇ. ಜೋಡಿ ವಿಗಳನ್ನು ಬಿಡಿಸಿ, ತುದಿಗೆ ತುದಿ ಸೇರಿಸಿ, ಗೆರೆ ಎಳೆಯುತ್ತ ಹೋದರೆ ನಾಜಿ ಸ್ವಸ್ತಿಕವೂ ಮೂಡುತ್ತದೆ, ಯಹೂದಿಗಳ ಆರು ಮೂಲೆಯ ನಕ್ಷತ್ರವೂ ಮೂಡುತ್ತದೆ ಎಂದು ಆ ಪುಸ್ತಕದಲ್ಲಿ ಬಿಡಿಸಿ ತೋರಿಸುತ್ತಾನೆ.

ಕರ್ನಾಟಕದ ನಕಾಶೆಯಲ್ಲೂ ಈ ಅಕ್ಷರದ ಹೆಜ್ಜೆಗುರುತುಗಳಿವೆ. ಭಾರತದ ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಒಂದೇ ಹದದಲ್ಲಿ ಬರೆಯುವ ಪದ್ಧತಿ ಹಾಕಿಕೊಟ್ಟವನು ಸ್ಕಾಟ್ಲೆಂಡಿನ ಅಧಿಕಾರಿ ವಿಲಿಯಂ ವಿಲ್ಸನ್ ಹಂಟರ್. ಅವನ ಹೆಸರಿನಲ್ಲೇ ಎರಡು ಡಬ್ಲ್ಯೂ. ಹಂಟರ್ ಪದ್ಧತಿಯಲ್ಲಿ ‘ವ’ಕ್ಕೆ ವಿ ಬರೆದರೂ ನಡೆಯುತ್ತದೆ, ಡಬ್ಲ್ಯೂ ಬರೆದರೂ ನಡೆಯುತ್ತದೆ. ಮುಂಬಯಿ ಪ್ರಾಂತದ ಕಚೇರಿಗಳಲ್ಲಿ ಮರಾಠಿ ಹೆಸರುಗಳ ರೂಢಿ ಗಟ್ಟಿ: ಪವಾರ್, ವಾಗ್ಲೆ, ವಾಡೇಕರ್ ಎಲ್ಲರೂ ಡಬ್ಲ್ಯೂ. ಆ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಕಾರವಾರಗಳಿಗೂ ಅದೇ ಬಂತು. ಮೈಸೂರು ಸೀಮೆಯ ದಾವಣಗೆರೆಗೆ ವಿ. ಇದನ್ನು ಗಟ್ಟಿ ನಿಯಮ ಎನ್ನುವಂತಿಲ್ಲ, ಧಾರವಾಡ ಜಿಲ್ಲೆಯಲ್ಲೇ ಇದ್ದ ಸವಣೂರಿಗೆ ವಿ, ಮದ್ರಾಸಿನ ವಯನಾಡಿಗೆ ಡಬ್ಲ್ಯೂ. ನನಗೆ ಎಲ್ಲಕ್ಕಿಂತ ರುಚಿಸುವುದು ಬಸವನ ಬಾಗೇವಾಡಿ. ಕನ್ನಡದಲ್ಲಿ ಎರಡೂ ಒಂದೇ ‘ವ’, ಇಂಗ್ಲಿಷಿನಲ್ಲಿ ಬಸವನಿಗೆ ವಿ, ಬಾಗೇವಾಡಿಗೆ ಡಬ್ಲ್ಯೂ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ ಬೆಳಗಾವಿ, ವಿಜಯಪುರ, ಶಿವಮೊಗ್ಗ ಮೂರಕ್ಕೂ ವಿ ಹಾಕಿದರು. ಧಾರವಾಡ, ಕಾರವಾರ ಆ ಪಟ್ಟಿಯಲ್ಲಿರಲಿಲ್ಲ, ಅವುಗಳ ಡಬ್ಲ್ಯೂ ಹಾಗೇ ಇದೆ.

ಮೈಸೂರು ಅರಸರ ಹೆಸರಿನದು ಇನ್ನೊಂದು ಕಥೆ. ‘ಒಡೆಯರ್’ ಎಂಬಲ್ಲಿ ‘ವ’ವೇ ಇಲ್ಲ, ಇಂಗ್ಲಿಷಿನಲ್ಲಿ ಮಾತ್ರ ಅದು ಡಬ್ಲ್ಯೂದಿಂದ ಶುರು. ಬರೆದುಕೊಂಡ ಇಂಗ್ಲಿಷರ ಕಿವಿ ತಪ್ಪಲಿಲ್ಲ. ಪದದ ಮೊದಲಿಗೆ ‘ಒ’ ಬಂದರೆ ನಮ್ಮ ತುಟಿಗಳು ದುಂಡಗಾಗಿ ಒಂದು ಸಣ್ಣ ವ ನುಸುಳುತ್ತದೆ. ‘ಒಂದು’ ಎನ್ನುವಾಗ ಕಿವಿಗೊಟ್ಟರೆ ಕೇಳಿಸುತ್ತದೆ. ಇಂಗ್ಲಿಷಿನ ‘ಓನ್ಲಿ’ ನಮ್ಮಲ್ಲಿ ‘ವೋನ್ಲಿ’ ಆಗುವುದೂ, ಅದಕ್ಕೆ ತಿರುಗುಮುರುಗಾಗಿ ‘ವುಮನ್’ ಎಂಬುದು ‘ಉಮನ್’ ಆಗುವುದೂ ಇದರಿಂದಲೇ. ಇನ್ನು ನಮ್ಮ ‘ವ’ ಡಬ್ಲ್ಯೂನೂ ಅಲ್ಲ, ವಿಯೂ ಅಲ್ಲ. ಕೆಳತುಟಿ ಹಲ್ಲಿನ ಹತ್ತಿರ ಹೋಗುತ್ತದೆ, ಉಜ್ಜುವುದಿಲ್ಲ, ದುಂಡಗೂ ಆಗುವುದಿಲ್ಲ. ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ಹುಡುಗ ಹುಡುಗಿಯರಿಗೆ ‘ವೈನ್’ ಎಂದರೆ ದ್ರಾಕ್ಷಾರಸವೋ ಬಳ್ಳಿಯೋ ಎಂದು ತುಟಿ ನೋಡಿ ತಿದ್ದುವ ತರಬೇತಿ ಕೊಡುತ್ತಾರೆ. ಕ್ಲಾಡಿಯಸ್ ಇದ್ದಿದ್ದರೆ ಆ ತರಗತಿಯ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ.

ಕನ್ನಡವನ್ನು ಕಂಪ್ಯೂಟರಿಗೆ ಕೂರಿಸುವಾಗ ಕೆ. ಪಿ. ರಾವ್ ಅವರ ಎದುರು ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂದಿರಬೇಕು. ಇಂಗ್ಲಿಷ್ ಕೀಲಿಗಳು 26, ಕನ್ನಡದ ಅಕ್ಷರಗಳು ಅದಕ್ಕಿಂತ ಎಷ್ಟೋ ಹೆಚ್ಚು. ವಿ ಕೀಲಿ ‘ವ’ವನ್ನು ವಹಿಸಿಕೊಂಡ ಮೇಲೆ ಡಬ್ಲ್ಯೂ ಕೀಲಿಗೆ ಕನ್ನಡದಲ್ಲಿ ಕೆಲಸವಿಲ್ಲ. ಇತ್ತ ‘ಡ’ಕ್ಕೆ ಜಾಗ ಬೇಕಿತ್ತು, ಡಿ ಕೀಲಿ ‘ದ’ಕ್ಕೆ ಹೋಗಿತ್ತು. ಖಾಲಿ ಉಳಿದ ಡಬ್ಲ್ಯೂ ‘ಡ’ ಆಯಿತು, ಶಿಫ್ಟ್ ಒತ್ತಿದರೆ ‘ಢ’. ನುಡಿ ತಂತ್ರಾಂಶದಲ್ಲಿ ಇವತ್ತಿಗೂ ‘ಕನ್ನಡ’ ಎಂದು ಮೂಡಿಸಲು ಒತ್ತಬೇಕಾದ ಕೀಲಿಗಳು ಕೆ, ಎನ್, ಎಫ್, ಎನ್, ಡಬ್ಲ್ಯೂ.